ಷಡ್ಡಕರ ಕಾರು 30 ಕೊಡುತ್ತದಂತೆ! ಮೈಲೇಜ್ ಬಂಡಲ್‌ಗಳಿಗೆ ಒಂದು ಎಳೆ

ಬೆಣ್ಣೆನಗರಿ_ಬಸು
ಹರಟೆ ವಿಭಾಗದಲ್ಲಿ ಹಾಕುತ್ತಿದ್ದೇನೆ, ನಿರ್ವಾಹಕರು ಬೈಯಬಾರದು.

ವಿಷಯ ಇಷ್ಟೇ. ನನ್ನ ಹತ್ತಿರ ಮತ್ತು ನಮ್ಮ ಷಡ್ಡಕರ ಹತ್ತಿರ ಇರುವುದು ಒಂದೇ ಕಾರು. ಅದೇ ಪೆಟ್ರೋಲ್ ಎಂಜಿನ್, ಅದೇ ವರ್ಷ, ಬಣ್ಣ ಮಾತ್ರ ಬೇರೆ. ನನ್ನದು ಊರೊಳಗೆ 13, ಹೈವೇಯಲ್ಲಿ 18 ಕೊಡುತ್ತದೆ. ಅವರದು 30 ಕೊಡುತ್ತದಂತೆ. ಅದೂ ಊರೊಳಗೆ. ಎಸಿ ಹಾಕಿಕೊಂಡು!

ಮಾವನವರ ಮನೆಯಲ್ಲಿ ಹಬ್ಬದ ಊಟಕ್ಕೆ ಕೂತಾಗೆಲ್ಲ, ಹೋಳಿಗೆ ಬಡಿಸುವ ಹೊತ್ತಿಗೆ ಸರಿಯಾಗಿ ಈ ಮಾತು ಎದ್ದೇಳುತ್ತದೆ. "ನಿಮ್ದು ಎಷ್ಟು ಕೊಡುತ್ತೆ?" ನಾನು 13 ಅಂದ ತಕ್ಷಣ ಅತ್ತೆ ನನ್ನನ್ನು ನೋಡುವ ನೋಟ ಇದೆಯಲ್ಲ, ಉಳಿದ ಪೆಟ್ರೋಲನ್ನು ನಾನೇ ಕುಡಿಯುತ್ತೇನೆ ಅನ್ನುವ ಹಾಗಿರುತ್ತದೆ.

ಇದು ಸಾಧ್ಯವಾ? ನಿಮ್ಮ ಬಳಗದಲ್ಲೂ ಇಂಥ ಮಹನೀಯರು ಇದ್ದಾರಾ?

ಜಯನಗರ_ಜಾಮ್
ಇದ್ದಾರಾ ಅಂತ ಬೇರೆ ಕೇಳುತ್ತೀರಾ? ಮನೆಗೊಬ್ಬರನ್ನು ಸರ್ಕಾರವೇ ರೇಷನ್ ಕಾರ್ಡಿನಲ್ಲಿ ಹಂಚಿದೆ.

ಸುಮ್ನೆ_ಓದುವವ
30 ಅಂದದ್ದು ಲೀಟರಿಗಾ, ಕ್ಯಾನಿಗಾ?

ಟ್ಯಾಪೆಟ್_ತಿಮ್ಮಣ್ಣ
ಮೊದಲು ಅವರು ಅಳೆದದ್ದು ಹೇಗೆ ಅಂತ ಕೇಳಿ.

ಸರಿಯಾದ ದಾರಿ ಟ್ಯಾಂಕ್ ಟು ಟ್ಯಾಂಕ್. ಪಂಪ್ ತಾನಾಗಿ ಕಟ್ ಆಗುವ ತನಕ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಕನಿಷ್ಠ ಮುಕ್ಕಾಲು ಟ್ಯಾಂಕ್ ಖಾಲಿ ಮಾಡಿ. ಆಮೇಲೆ ಅದೇ ಬಂಕ್, ಸಾಧ್ಯವಾದರೆ ಅದೇ ಪಂಪಿನಲ್ಲಿ ಮತ್ತೆ ಕಟ್ ಆಗುವ ತನಕ ತುಂಬಿಸಿ. ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. "ಇನ್ನೊಂದು ಸ್ವಲ್ಪ ಹಾಕಪ್ಪಾ, ರೌಂಡ್ ಫಿಗರ್ ಆಗ್ಲಿ" ಅಂದರೆ ಲೆಕ್ಕ ಕೆಟ್ಟಿತು.

ಮೀಟರ್ ಬೋರ್ಡಿನಲ್ಲಿ ಬರುವ ಅಂಕಿ ಎಂಜಿನ್ ಎಷ್ಟು ಪೆಟ್ರೋಲ್ ಚಿಮ್ಮಿಸಿತು ಅನ್ನುವ ಅಂದಾಜಿನ ಮೇಲೆ ನಿಂತಿರುತ್ತದೆ. ಬಹಳ ಕಾರುಗಳಲ್ಲಿ ಅದು ಸ್ವಲ್ಪ ಉದಾರಿ. ಇವೆರಡೂ ಅಲ್ಲದೆ ಬಾಯಿಲೆಕ್ಕ ಅಂತ ಒಂದಿದೆ. ಊರೊಳಗೆ ಎಸಿ ಹಾಕಿಕೊಂಡು 30 ಬರುವುದು ಅದರಲ್ಲಿ ಮಾತ್ರ.

ಕುಡ್ಲ_ಎಕ್ಸ್‌ಪ್ರೆಸ್
ಇಲ್ಲ ಮಾರಾಯ್ರೆ, 30 ಸಾಧ್ಯ ಉಂಟು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಶುರುವಾಗುವಲ್ಲಿ ಟ್ರಿಪ್ ಮೀಟರ್ ಸೊನ್ನೆ ಮಾಡಿ. ಗುಂಡ್ಯದಲ್ಲಿ ಫೋಟೋ ತೆಗೆಯಿರಿ. 30 ಏನು, 38 ಕೂಡ ಬರುತ್ತದೆ. ನನ್ನ ಹತ್ತಿರ ಫೋಟೋ ಉಂಟು.

ವಾಪಸು ಹತ್ತುವಾಗಿನ ಫೋಟೋ ಕೇಳಬೇಡಿ, ಅದು ಮನೆಯವರಿಗೂ ತೋರಿಸಿಲ್ಲ.

ಎರಡನೇ_ಗೇರು
ನಮ್ಮನೆಯವರು ಓಡಿಸಿದರೆ 14, ಅದೇ ಕಾರು ನಾನು ಓಡಿಸಿದರೆ 17. ಈ ವಿಷಯ ಮನೆಯಲ್ಲಿ ಎತ್ತುವ ಹಾಗಿಲ್ಲ. ಎತ್ತಿದರೆ "ನಿನ್ನ ಟೈಮಲ್ಲಿ ಟ್ರಾಫಿಕ್ ಇರಲ್ಲ" ಅನ್ನುತ್ತಾರೆ. ನಾನು ಹೋಗುವುದು ಬೆಳಿಗ್ಗೆ ಒಂಬತ್ತಕ್ಕೆ, ಸಿಲ್ಕ್ ಬೋರ್ಡ್ ಮೇಲೆ!

ಹಳೇ_ಹ್ಯಾಂಡಲ್
ಮಕ್ಕಳಾ, ಘಾಟಿ ಮಾತು ಬಂತು ಅಂತ ಹೇಳುತ್ತೇನೆ. ನಾವೆಲ್ಲ ಆಗುಂಬೆ ಇಳಿಯುವಾಗ ನ್ಯೂಟ್ರಲ್ ಮಾಡಿ ಎಂಜಿನ್ ಆಫ್ ಮಾಡಿಬಿಡುತ್ತಿದ್ದೆವು. ಸೋಮೇಶ್ವರದ ತನಕ ಒಂದು ಹನಿ ಖರ್ಚಿಲ್ಲ. ಈಗಿನವರಿಗೆ ಈ ವಿದ್ಯೆ ಗೊತ್ತಿಲ್ಲ, ಸುಮ್ನೆ ಪೆಟ್ರೋಲ್ ರೇಟಿಗೆ ಬೈಯುತ್ತಾರೆ.

ಟ್ಯಾಪೆಟ್_ತಿಮ್ಮಣ್ಣ
ಯಜಮಾನ್ರೇ, ದಯವಿಟ್ಟು ಈ ವಿದ್ಯೆ ಯಾರಿಗೂ ಕಲಿಸಬೇಡಿ. ಎಂಜಿನ್ ಆಫ್ ಆದರೆ ಬ್ರೇಕ್ ಬೂಸ್ಟರಿಗೆ, ಅಂದರೆ ಪೆಡಲ್ ಹಗುರ ಮಾಡುವ ಡಬ್ಬಿಗೆ, ವ್ಯಾಕ್ಯೂಮ್ ಹುಟ್ಟುವುದಿಲ್ಲ. ಎರಡು ಮೂರು ಸಲ ಒತ್ತುವಷ್ಟು ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲು. ಪವರ್ ಸ್ಟೇರಿಂಗ್ ಸತ್ತಿರುತ್ತದೆ. ಅಪ್ಪಿತಪ್ಪಿ ಕೀ ಹೊರಗೆ ಬಂದರೆ ಸ್ಟೇರಿಂಗ್ ಲಾಕ್. ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿ ಇದು ಬೇಕಾ?

ಆಮೇಲೆ ಉಳಿತಾಯವೂ ಇಲ್ಲ. ನಿಮ್ಮ ಕಾರ್ಬುರೇಟರ್ ಕಾಲದಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಐಡಲ್ ಜೆಟ್ಟಿನಿಂದ ಪೆಟ್ರೋಲ್ ಎಳೆಯುತ್ತಿತ್ತು. ನಿಮ್ಮ ಲೆಕ್ಕಕ್ಕೆ ಆಗ ಅರ್ಥ ಇತ್ತು. ನಮ್ಮಲ್ಲಿ 2000ದ ಆಸುಪಾಸಿನಿಂದ ಎಂಪಿಎಫ್‌ಐ, ಅಂದರೆ ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ, ಬಂತು. ಈಗ ಗೇರಿನಲ್ಲಿ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್‌ಗಳೇ ಬಂದ್ ಆಗುತ್ತವೆ. ಚಕ್ರಗಳು ಎಂಜಿನ್ ತಿರುಗಿಸುತ್ತಿರುತ್ತವೆ, ಖರ್ಚು ಸೊನ್ನೆ. ಎಂಜಿನ್ ಆನ್ ಇಟ್ಟು ನ್ಯೂಟ್ರಲ್ ಮಾಡಿದರೆ ಐಡಲ್‌ನಲ್ಲಿ ಓಡಿಸಲು ಪೆಟ್ರೋಲ್ ಬೇಕು. ಅಂದರೆ ಗೇರಿನಲ್ಲಿ ಇಳಿದರೆ ಬ್ರೇಕೂ ಉಳಿಯಿತು, ಪೆಟ್ರೋಲೂ ಉಳಿಯಿತು.

ಹಳೇ_ಹ್ಯಾಂಡಲ್
ಸತ್ತಿಲ್ಲವಲ್ಲ ನಾನು.

ಸುಮ್ನೆ_ಓದುವವ
ಸತ್ತವರು ಇಲ್ಲಿ ಬಂದು ಬರೆಯುವುದಿಲ್ಲ ಯಜಮಾನ್ರೇ. ಅದಕ್ಕೇ ನಿಮ್ಮ ಪಕ್ಷಕ್ಕೆ ಯಾವಾಗಲೂ ಬಹುಮತ.

ಎರಡನೇ_ಗೇರು
ತಿಮ್ಮಣ್ಣ, ಘಾಟಿಗೆ ನೀವು ಹೇಳಿದ್ದು ಪೂರ್ತಿ ಸರಿ. ಆದರೆ ಹೈವೇಯ ಸಣ್ಣ ಇಳಿಜಾರಿನಲ್ಲಿ ಲೆಕ್ಕ ಬೇರೆ. ಗೇರಿನಲ್ಲಿ ಬಿಟ್ಟರೆ ಎಂಜಿನ್ ಹಿಡಿದು ವೇಗ ಇಳಿಯುತ್ತದೆ, ಮತ್ತೆ ಕಾಲು ಒತ್ತಬೇಕು. ನ್ಯೂಟ್ರಲ್‌ನಲ್ಲಿ ಜಾಸ್ತಿ ದೂರ ಉರುಳುತ್ತದೆ. "ನ್ಯೂಟ್ರಲ್ ಯಾವಾಗಲೂ ನಷ್ಟ" ಅನ್ನುವುದೂ ಒಂದು ಬಂಡಲ್ಲೇ.

ಟ್ಯಾಪೆಟ್_ತಿಮ್ಮಣ್ಣ
ಅಕ್ಕ, ಭೌತಶಾಸ್ತ್ರ ನಿಮ್ಮ ಕಡೆ ಇದೆ. ಅಡ್ಡ ಬರುವ ಹಸು ನನ್ನ ಕಡೆ ಇದೆ. ಹೈವೇಯಲ್ಲಿ ಕಾರು ಗೇರಿನಲ್ಲೇ ಇರಬೇಕು, ನಾನು ಬಿಟ್ಟುಕೊಡುವುದಿಲ್ಲ.

ಎರಡನೇ_ಗೇರು
ಹಾಗಾದರೆ ಅದು ಸುರಕ್ಷತೆಯ ಮಾತು, ಮೈಲೇಜಿನ ಮಾತಲ್ಲ. ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಬೇಡಿ.

ಧಾರವಾಡ_ಡೀಸೆಲ್
ಇವರಿಬ್ಬರೂ ಜಗಳಾಡ್ಲಿ ಬಿಡ್ರಿ, ನಾವು ಪೇಢಾ ತಿಂತಾ ಓದೋಣ.

ಜಯನಗರ_ಜಾಮ್
ಕಂಪನಿಯವರು ಕೊಡುವ ಅಂಕಿ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲವಲ್ಲ. ಶೋರೂಮಿನಲ್ಲಿ 22 ಅಂತ ಬೋರ್ಡು. ನನ್ನದು ಜಯನಗರದಿಂದ ವೈಟ್‌ಫೀಲ್ಡಿಗೆ ಹೋಗಿ ಬಂದರೆ 10. ಉಳಿದ 12 ಎಲ್ಲಿ ಹೋಯಿತು? ಬೆಳ್ಳಂದೂರು ಕೆರೆಯ ನೊರೆಗಾ?

ಟ್ಯಾಪೆಟ್_ತಿಮ್ಮಣ್ಣ
ಆ 22 ಸುಳ್ಳಲ್ಲ, ಆದರೆ ನಿಮ್ಮ ರಸ್ತೆಯ ಅಂಕಿಯೂ ಅಲ್ಲ. ಕಾರನ್ನು ಲ್ಯಾಬಿನಲ್ಲಿ ರೋಲರ್‌ಗಳ ಮೇಲೆ ನಿಲ್ಲಿಸಿ, ಮಾಡಿಫೈಡ್ ಇಂಡಿಯನ್ ಡ್ರೈವಿಂಗ್ ಸೈಕಲ್ ಅನ್ನುವ ಒಂದು ಗೊತ್ತಾದ ತಾಳಕ್ಕೆ ಓಡಿಸುತ್ತಾರೆ. ಒಟ್ಟು 1180 ಸೆಕೆಂಡ್, ಅಂದರೆ ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ಕಡಿಮೆ. ಓಡುವ ದೂರ 11 ಕಿ.ಮೀ. ಒಳಗೆ. ಅತಿ ಹೆಚ್ಚು ವೇಗ 90. ಎಸಿ ಇಲ್ಲ, ಏರು ಇಲ್ಲ, ಎದುರು ಗಾಳಿ ಇಲ್ಲ, ಹಿಂದಿನ ಸೀಟಿನಲ್ಲಿ ಅತ್ತೆ ಮಾವ ಇಲ್ಲ.

ಸರಾಸರಿ ವೇಗ ಹೆಚ್ಚುಕಡಿಮೆ ಗಂಟೆಗೆ 32 ಕಿ.ಮೀ. ಬರುತ್ತದೆ. ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗಲು 34 ನಿಮಿಷ ಬೇಕು. ಅಂದರೆ ಗಂಟೆಗೆ 18 ಕೂಡ ಇಲ್ಲ. ಸಿಗ್ನಲ್‌ನಲ್ಲಿ ನಿಂತ ಕಾರಿನ ಮೈಲೇಜ್ ಸೊನ್ನೆ. ಅಷ್ಟು ಹೊತ್ತೂ ಎಂಜಿನ್ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರ್ ತನಕ ಕುಡಿಯುತ್ತಲೇ ಇರುತ್ತದೆ. ನಿಮ್ಮ 12 ಅಲ್ಲಿದೆ.

ಜಯನಗರ_ಜಾಮ್
ನೊರೆಗೇ ಹೋಗಿದೆ ಅಂದಿದ್ದರೆ ಮನಸ್ಸಿಗೆ ಸಮಾಧಾನ ಇರುತ್ತಿತ್ತು.

ಡೆಟ್ರಾಯಿಟ್_ಕನ್ನಡಿಗ
ಅಮೆರಿಕದಲ್ಲೂ ಮೊದಲು ಇದೇ ಕಥೆ. 2008ರ ಮಾಡೆಲ್‌ಗಳಿಂದ ಇಲ್ಲಿನ ಪರಿಸರ ಸಂಸ್ಥೆ ಇಪಿಎ ಲೆಕ್ಕ ಬದಲಾಯಿಸಿತು. ಎಸಿ ಹಾಕಿದ ಪರೀಕ್ಷೆ, ಚಳಿಯಲ್ಲಿ ಪರೀಕ್ಷೆ, ಜೋರು ವೇಗದ ಪರೀಕ್ಷೆ ಎಲ್ಲ ಸೇರಿಸಿದರು. ಎಷ್ಟೋ ಕಾರುಗಳ ಅಂಕಿ ಕಾಗದದ ಮೇಲೆ ರಾತ್ರೋರಾತ್ರಿ ಇಳಿಯಿತು.

ನನ್ನ ತೊಂದರೆ ಬೇರೆ. ಊರಿಗೆ ಫೋನ್ ಮಾಡಿದಾಗ ದೊಡ್ಡಪ್ಪ ಕೇಳಿದರು, "ಎಷ್ಟು ಕೊಡುತ್ತಪ್ಪಾ?" 28 ಅಂದೆ. ಇಡೀ ಊರಿಗೆ ಸುದ್ದಿ. ಅದು ಗ್ಯಾಲನ್ನಿಗೆ ಮೈಲಿ, ನಮ್ಮ ಲೆಕ್ಕದಲ್ಲಿ ಲೀಟರಿಗೆ 12 ಕೂಡ ಪೂರ್ತಿ ಇಲ್ಲ. ಹೇಳಲು ಹೋಗಲಿಲ್ಲ.

ಬೆಣ್ಣೆನಗರಿ_ಬಸು
ನಮ್ಮ ಷಡ್ಡಕರ ಕಾರು ಅಮೆರಿಕದ್ದಲ್ಲ ಸರ್. ಹರಿಹರದಲ್ಲಿದೆ.

ಕಾಫಿತೋಟ_ಜೀಪು
ಜೀಪಿನವರನ್ನು ಮೈಲೇಜ್ ಕೇಳುವುದು ಪಾಪ. ಮಳೆಗಾಲದಲ್ಲಿ ತೋಟದೊಳಗೆ ಲೋ ಗೇರ್ ಹಾಕಿದರೆ ನಾವು ಲೀಟರಿಗೆ ಎಷ್ಟು ಕಿ.ಮೀ. ಅಂತ ನೋಡುವುದಿಲ್ಲ, ಗಂಟೆಗೆ ಎಷ್ಟು ಲೀಟರ್ ಅಂತ ನೋಡುತ್ತೇವೆ. ಕೆಸರಿನಲ್ಲಿ ಚಕ್ರ ಸುಮ್ನೆ ತಿರುಗಿದರೂ ಮೀಟರ್ ಓಡುತ್ತದೆ. ಹಾಗಾಗಿ ಹೂತುಕೊಂಡಿದ್ದಾಗ ನಮ್ಮ ಮೈಲೇಜ್ ಸ್ವಲ್ಪ ಸುಧಾರಿಸುತ್ತದೆ.

ಹಳೇ_ಹ್ಯಾಂಡಲ್
ಅಂಬಾಸಿಡರ್ ಕಾಲದಲ್ಲಿ ಯಾರೂ "ಎಷ್ಟು ಕೊಡುತ್ತೆ" ಅಂತ ಕೇಳುತ್ತಿರಲಿಲ್ಲ. "ಎಷ್ಟು ಜನ ಹಿಡಿಸುತ್ತೆ" ಅಂತ ಕೇಳುತ್ತಿದ್ದರು. ಮುಂದೆ ನಾಲ್ಕು, ಹಿಂದೆ ಐದು, ಮಕ್ಕಳು ಲೆಕ್ಕಕ್ಕಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು ನೋಡಿ, ಆಗ ಹತ್ತಿಕೊಂಡದ್ದು ಈ ಮೈಲೇಜ್ ರೋಗ.

ಡಿಪೋ_ಸೀನಣ್ಣ
ಇಲ್ಲ ಸರ್, ರೋಗ ಅದಕ್ಕಿಂತ ಹಳೆಯದು. 1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿ ಮಾಡಿದಾಗ ಇಲ್ಲಿ ಪೆಟ್ರೋಲ್ ರೇಟ್ ಒಮ್ಮೆಗೇ ಏರಿತು. ಆ ನವೆಂಬರಿನಲ್ಲಿ ವಾಜಪೇಯಿಯವರು ಪ್ರತಿಭಟನೆಗೆ ಎತ್ತಿನ ಗಾಡಿಯಲ್ಲಿ ಪಾರ್ಲಿಮೆಂಟಿಗೆ ಹೋಗಿದ್ದರು.

ಸುಮ್ನೆ_ಓದುವವ
ಎತ್ತಿನ ಗಾಡಿ ಎಷ್ಟು ಕೊಡುತ್ತೆ?

ಧಾರವಾಡ_ಡೀಸೆಲ್
ಮೇವಿನ ಮ್ಯಾಲೆ ಐತ್ರಿ. ಬರೇ ಕಣಿಕಿ ಹಾಕಿದ್ರ ಸಿಟಿ ಮೈಲೇಜ್. ಹಿಂಡಿ ಹಾಕ್ರಿ, ಪಿಕಪ್ ನೋಡ್ರಿ! ಸರ್ವಿಸ್ ಅಂದ್ರ ಲಾಳ ಕಟ್ಟಿಸೂದು ಅಷ್ಟ. ರಿವರ್ಸ್ ಮಾತ್ರ ಕೇಳಬ್ಯಾಡ್ರಿ.

ಕಾಫಿತೋಟ_ಜೀಪು
ಎಮಿಷನ್ ಸರ್ಟಿಫಿಕೇಟ್?

ಧಾರವಾಡ_ಡೀಸೆಲ್
ಎಮಿಷನ್ನೇ ನಮ್ಮ ಹೊಲಕ್ಕ ಗೊಬ್ಬರ್ರೀ. ನಿಮ್ಮ ಯಾವ ಕಾರು ಮಾಡ್ತೈತಿ ಇದನ್ನ?

ನಿರ್ವಾಹಕ
ಹರಟೆ ವಿಭಾಗ ನಿಜ. ಆದರೂ ಪಾರ್ಲಿಮೆಂಟಿನಿಂದ ಮುಂದಕ್ಕೆ ರಾಜಕೀಯ ಬೇಡ. ಎತ್ತುಗಳು ಇರಲಿ.

ಡಿಪೋ_ಸೀನಣ್ಣ
ರಾಜಕೀಯ ಅಲ್ಲ ಸರ್, ಇತಿಹಾಸ. ಇರಲಿ, ನನ್ನ ಕಸುಬಿನ ಮಾತು ಹೇಳುತ್ತೇನೆ. ನಾನು ಸಾರಿಗೆ ಸಂಸ್ಥೆಯ ಡ್ರೈವರ್ ಆಗಿದ್ದು ನಿವೃತ್ತನಾದವನು. ಡಿಪೋದಲ್ಲಿ ಪ್ರತಿ ಡ್ರೈವರಿನ ಕೆಎಂಪಿಎಲ್, ಅಂದರೆ ಲೀಟರಿಗೆ ಎಷ್ಟು ಕಿ.ಮೀ. ಅನ್ನುವ ಲೆಕ್ಕ ಇಡುತ್ತಾರೆ. ಅಲ್ಲಿ ಬಾಯಿಲೆಕ್ಕ ನಡೆಯುವುದಿಲ್ಲ. ಡೀಸೆಲ್ ಹಾಕಿದ್ದಕ್ಕೂ ಪುಸ್ತಕ, ಓಡಿದ್ದಕ್ಕೂ ಪುಸ್ತಕ. ಕಡಿಮೆ ಬಂದರೆ ಕರೆದು ಕೇಳುತ್ತಾರೆ.

ದೊಡ್ಡ ವಿದ್ಯೆ ಏನಿಲ್ಲ. ದೂರದಲ್ಲಿ ಕೆಂಪು ದೀಪ ಕಂಡರೆ ಅಲ್ಲೇ ಆಕ್ಸಿಲರೇಟರಿಂದ ಕಾಲು ತೆಗೆಯಬೇಕು. ಕೆಂಪು ದೀಪದ ತನಕ ಓಡಿಸಿಕೊಂಡು ಹೋಗಿ ಬ್ರೇಕ್ ಒತ್ತುವವನು ಸುಟ್ಟ ಎಣ್ಣೆಯನ್ನು ಬ್ರೇಕಿನಲ್ಲಿ ಮತ್ತೆ ಸುಡುತ್ತಾನೆ. ಆಮೇಲೆ ಟೈರಿನ ಗಾಳಿ. ಕ್ಲಚ್ ಮೇಲೆ ಪಾದ ಇಟ್ಟುಕೊಂಡು ಓಡಿಸಬಾರದು. ಇಷ್ಟೇ.

ಬಸ್ಸು ಲೀಟರಿಗೆ ಐದರ ಹತ್ತಿರ ಕೊಟ್ಟರೆ ಸಂತೋಷ. ಆದರೆ ಅದರಲ್ಲಿ 50 ಜನ ಕೂತಿರುತ್ತಾರೆ. ಐದು ಗುಣಿಸು 50. ತಲೆಲೆಕ್ಕದಲ್ಲಿ ಲೀಟರಿಗೆ 250. ನಿಮ್ಮ ಷಡ್ಡಕರಿಗೆ ಹೇಳಿ, 30ಕ್ಕೆಲ್ಲ ಇಷ್ಟು ಮೆರೆಯುವುದು ಚೆನ್ನಾಗಿಲ್ಲ.

ಬೆಣ್ಣೆನಗರಿ_ಬಸು
ಸೀನಣ್ಣ, ಕೈ ಮುಗಿದೆ. ಮುಂದಿನ ಹೋಳಿಗೆಗೆ ಈ 250 ಅನ್ನೇ ಇಟ್ಟುಕೊಂಡಿರುತ್ತೇನೆ.

ಹುಬ್ಳಿ_ಹ್ಯಾಚ್‌ಬ್ಯಾಕ್
ಎಲ್ಲರೂ ಏನೇನೋ ಹೇಳುತ್ತೀರಿ. ಅಸಲಿ ಕಳ್ಳ ಇ20, ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಬಂದ ಮೇಲೆ ನನ್ನ ಕಾರು ಕೊಡುವುದು ಅರ್ಧಕ್ಕೆ ಅರ್ಧ ಬಿದ್ದಿದೆ. ಸ್ಟಾರ್ಟಿಂಗ್ ಟ್ರಬಲ್ಲಿಗೂ ಅದೇ ಕಾರಣ. ಬ್ಯಾಟರಿ ಹೋಗಿದ್ದೂ ಅದರಿಂದಲೇ.

ಸುಮ್ನೆ_ಓದುವವ
ನನಗೆ ಹೆಣ್ಣು ಸಿಗದಿದ್ದಕ್ಕೂ ಇ20 ಕಾರಣ ಅಂತ ಅಮ್ಮನಿಗೆ ಹೇಳಿದ್ದೇನೆ.

ಟ್ಯಾಪೆಟ್_ತಿಮ್ಮಣ್ಣ
ಇ20ಯಿಂದ ಮೈಲೇಜ್ ಬೀಳುತ್ತದೆ, ಅದು ನಿಜ. ಎಥನಾಲ್‌ನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಐದರಲ್ಲಿ ಒಂದು ಪಾಲು ಅದನ್ನೇ ಬೆರೆಸಿದರೆ ಶೇ 6ರಿಂದ 7ರಷ್ಟು ಶಕ್ತಿ ಕಡಿಮೆಯಾಗುತ್ತದೆ. ನೀತಿ ಆಯೋಗದ 2021ರ ವರದಿಯಲ್ಲೂ ಹಳೇ ಲೆಕ್ಕದ, ಅಂದರೆ ಇ20ಗೆ ಹೊಂದಿಸದ ಕಾರುಗಳಿಗೆ ಶೇ 6-7 ಇಳಿಕೆ ಅಂತಲೇ ಇದೆ. 16 ಕೊಡುತ್ತಿದ್ದದ್ದು 15 ಆಗಬಹುದು. ಹಳೇ ಕಾರಿನಲ್ಲಿ ರಬ್ಬರ್ ಪೈಪು, ಸೀಲುಗಳನ್ನೂ ನೋಡಿಸಿಕೊಳ್ಳಿ. ಅರ್ಧಕ್ಕೆ ಅರ್ಧ ಬಿದ್ದಿದ್ದರೆ ಮಾತ್ರ ಕಾರಣ ಬೇರೆ. ಬ್ರೇಕ್ ಹಿಡಿದುಕೊಂಡಿದೆಯಾ ನೋಡಿ. ಏರ್ ಫಿಲ್ಟರ್ ಯಾವಾಗ ತೆಗೆದು ನೋಡಿದ್ದು?

ಹುಬ್ಳಿ_ಹ್ಯಾಚ್‌ಬ್ಯಾಕ್
ಏರ್ ಫಿಲ್ಟರ್ ಎಲ್ಲಿರುತ್ತದೆ?

ಟ್ಯಾಪೆಟ್_ತಿಮ್ಮಣ್ಣ
ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಮಂಡ್ಯ_ಮೋಟಾರು
ಎಥನಾಲ್ ಮಾತು ಬಂದಿದ್ದಕ್ಕೆ ಹೇಳುತ್ತೀನಿ. ಕಬ್ಬು ಬೆಳೆಯುವವನು ನಾನು, ಕಾರು ಓಡಿಸುವವನೂ ನಾನು. ಒಂದು ಜೇಬಿಗೆ ಬರುತ್ತೆ, ಇನ್ನೊಂದು ಜೇಬಿಂದ ಹೋಗುತ್ತೆ. ಯಾರಿಗೆ ಬೈಯಲಿ? ಇನ್ನು ಬಸಣ್ಣ, ನೀವು ಸುಮ್ಕಿರಿ. ಎಥನಾಲ್‌ಗೆ ಮೆಕ್ಕೆಜೋಳವೂ ಹೋಗುತ್ತೆ, ನಿಮ್ಮ ದಾವಣಗೆರೆ ಸೀಮೆ ತುಂಬಾ ಅದೇ.

ಬೆಣ್ಣೆನಗರಿ_ಬಸು
ಷಡ್ಡಕರ ಹೊಲದಲ್ಲೂ ಮೆಕ್ಕೆಜೋಳವೇ! ನನ್ನ ಮೈಲೇಜ್ ಕದಿಯುತ್ತಿರುವುದು ಅವರೇ ಅಂತಾಯಿತು.

ಕಾರವಾರ_ಕಡಲು
ನಮ್ಮ ಊರಿನ ಹುಚ್ಚು ಕೇಳಿ. ಗೋವಾದಲ್ಲಿ ಪೆಟ್ರೋಲ್ ಅಗ್ಗ. ಮಾಜಾಳಿ ದಾಟಿದರೆ ಪೊಳೆಂ, ಅಲ್ಲಿ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬರುವುದು ಇಲ್ಲಿ ಅರ್ಧ ಊರಿನ ಭಾನುವಾರದ ಕೆಲಸ.

ಎರಡನೇ_ಗೇರು
ಲೆಕ್ಕ ಹಾಕಿದ್ದೀರಾ? ಲೀಟರಿಗೆ 6 ರೂಪಾಯಿ ಉಳಿಯುತ್ತದೆ ಅಂತಿಟ್ಟುಕೊಳ್ಳಿ. 35 ಲೀಟರಿಗೆ 210 ರೂಪಾಯಿ. ಹೋಗಿ ಬರಲು 30 ಕಿ.ಮೀ. ಹತ್ತಿರ, ಲೀಟರಿಗೆ 15 ಕೊಟ್ಟರೆ ಎರಡು ಲೀಟರ್ ಅಲ್ಲೇ ಸುಟ್ಟಿತು. ಅದೇ 200 ರೂಪಾಯಿ ಆಸುಪಾಸು. ಉಳಿದದ್ದು ಒಂದು ಚಹಾದ ದುಡ್ಡು.

ಕಾರವಾರ_ಕಡಲು
ಪೆಟ್ರೋಲ್ ಒಂದೇ ತರಲು ಹೋಗುತ್ತಾರೆ ಅಂತ ನಾನು ಯಾವಾಗ ಹೇಳಿದೆ ಅಕ್ಕ?

ಕುಡ್ಲ_ಎಕ್ಸ್‌ಪ್ರೆಸ್
😂 ನಮ್ಮಲ್ಲಿ ಉಲ್ಟಾ. ಕೇರಳದ ಗಾಡಿಗಳು ತಲಪಾಡಿ ದಾಟಿ ಬಂದು ನಮ್ಮ ಬಂಕಿನಲ್ಲಿ ಸಾಲು ನಿಲ್ಲುತ್ತವೆ.

ಬಳ್ಳಾರಿ_ಬಿಸಿಲು
ಆಂಧ್ರದವರೂ ಅಷ್ಟೇ. 2024ರ ಜೂನ್‌ನಲ್ಲಿ ಇಲ್ಲಿ ಲೀಟರಿಗೆ 3 ರೂಪಾಯಿ ಏರಿಸಿದರು, ಆದರೂ ಅವರಿಗೆ ನಮ್ಮ ಕಡೆಯೇ ಅಗ್ಗ. ಗಡಿ ಬಂಕುಗಳಲ್ಲಿ "ಕರ್ನಾಟಕದ ಕೊನೆಯ ಬಂಕ್" ಅಂತ ದೊಡ್ಡ ಬೋರ್ಡು. ಅರ್ಧ ಕಿಲೋಮೀಟರ್ ಮುಂದೆ ಹೋದರೆ ಇನ್ನೊಂದು ಕೊನೆಯ ಬಂಕ್ ಇರುತ್ತದೆ.

ಮಿಂಚಿನ_ಗಾಡಿ
ಎಲೆಕ್ಟ್ರಿಕ್ ಕಾರಿನವನು ಒಬ್ಬ ಮೂಲೆಯಲ್ಲಿ ಕೂತು ನಗುತ್ತಿದ್ದೇನೆ. ಮದುವೆ ಮನೆಯಲ್ಲಿ ನನ್ನನ್ನೂ ಕೇಳುತ್ತಾರೆ, "ಎಷ್ಟು ಕೊಡುತ್ತೆ?" ಯೂನಿಟ್ಟಿಗೆ 7 ಕಿ.ಮೀ. ಅನ್ನುತ್ತೇನೆ. "ಅಯ್ಯೋ, ಏಳೇನಾ!" ಅಂತ ಕನಿಕರ ತೋರಿಸಿ ಪಾಯಸದ ಕಡೆ ಹೋಗುತ್ತಾರೆ. ಮನೆಯಲ್ಲಿ ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು ಅಂತ ಹೇಳುವಷ್ಟರಲ್ಲಿ ಎದುರಿಗೆ ಯಾರೂ ಇರುವುದಿಲ್ಲ.

ಹಳೇ_ಹ್ಯಾಂಡಲ್
ನಮ್ಮ ಬೆಂಗಳೂರಿನ ರೇವಾ 2001ರಲ್ಲೇ ಇದನ್ನೆಲ್ಲ ಮಾಡಿತ್ತು. ಆಗ ಎಲ್ಲರೂ ಆಟದ ಸಾಮಾನು ಅಂತ ನಕ್ಕರು. ಲಂಡನ್ನಿನವರು ಅದನ್ನೇ ಜಿ-ವಿಜ್ ಅಂತ ಕರೆದು ಓಡಿಸಿದರು.

ಕಾಫಿತೋಟ_ಜೀಪು
ಘಾಟಿಯಲ್ಲಿ ಇಳಿಯುವಾಗ ಎಲೆಕ್ಟ್ರಿಕ್ ಕಾರಿಗೆ ಚಾರ್ಜ್ ಏರುತ್ತದಂತೆ, ನಿಜವಾ? ಹಾಗಾದರೆ ಮುಳ್ಳಯ್ಯನಗಿರಿ ಮೇಲೆ ಮನೆ ಕಟ್ಟಿಸಿದರೆ ಸಾಕಲ್ಲ, ದಿನಾ ಫ್ರೀಯಾಗಿ ಚಿಕ್ಕಮಗಳೂರಿಗೆ ಹೋಗಬಹುದು.

ಮಿಂಚಿನ_ಗಾಡಿ
ಏರುತ್ತದೆ. ಕಾಲು ತೆಗೆದರೆ ಮೋಟಾರು ಡೈನಮೋ ಆಗಿ ಬ್ಯಾಟರಿಗೆ ಕರೆಂಟ್ ಹಿಂದಿರುಗಿಸುತ್ತದೆ. ಆದರೆ ಬೆಟ್ಟದ ಮೇಲೆ ಪೂರ್ತಿ 100 ಚಾರ್ಜ್ ಮಾಡಿಕೊಂಡು ಇಳಿಯಬಾರದು. ತುಂಬಿದ ಬ್ಯಾಟರಿಗೆ ಇನ್ನು ತುಂಬಲು ಜಾಗ ಇರುವುದಿಲ್ಲ, ಆ ಹಿಡಿತ ಸಿಗುವುದಿಲ್ಲ. ಎಲ್ಲ ಕೆಲಸ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ. ಅಲ್ಲಿ ಮನೆ ಕಟ್ಟಿಸಿದರೆ 80ಕ್ಕೇ ನಿಲ್ಲಿಸಿ.

ಮತ್ತೆ ಸಂಜೆ ಮನೆಗೆ ಹತ್ತಬೇಕಲ್ಲ ಸ್ವಾಮಿ!

ಬೆಣ್ಣೆನಗರಿ_ಬಸು
ಬ್ರೇಕಿಂಗ್ ನ್ಯೂಸ್!

ತಿಮ್ಮಣ್ಣ ಹೇಳಿದ ಹಾಗೆ ಟ್ಯಾಂಕ್ ಟು ಟ್ಯಾಂಕ್ ಮಾಡೋಣ ಬನ್ನಿ ಅಂತ ಷಡ್ಡಕರನ್ನು ಕರೆದೆ. ಒಪ್ಪಲಿಲ್ಲ. ಟ್ಯಾಂಕ್ ಫುಲ್ ಮಾಡಿಸಿದರೆ ಭಾರ ಜಾಸ್ತಿಯಾಗಿ ಮೈಲೇಜ್ ಬೀಳುತ್ತದಂತೆ.

ಟ್ಯಾಪೆಟ್_ತಿಮ್ಮಣ್ಣ
ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕೆಜಿ. 37 ಲೀಟರ್ ಟ್ಯಾಂಕ್ ಅಂದರೆ 28 ಕೆಜಿ. ಒಂದು ಟನ್ ಕಾರಿಗೆ ಅದು ಏನೂ ಅಲ್ಲ. ಡಿಕ್ಕಿಯಲ್ಲಿ ಏನೇನಿದೆ ಅಂತ ನೋಡಿ ಮೊದಲು.

ಬೆಣ್ಣೆನಗರಿ_ಬಸು
ಪೂರ್ತಿ ಕೇಳಿ ತಿಮ್ಮಣ್ಣ. ಇದೆಲ್ಲ ನಡೆಯುವಾಗ ಅವರ ಮನೆಯವರು, ಅಂದರೆ ನಮ್ಮ ನಾದಿನಿ, ಚಹಾ ತಂದಿಡುತ್ತಾ ಹೇಳಿದಳು: "ಅಯ್ಯೋ ಭಾವ, ಅವರು ಲೆಕ್ಕ ಹಾಕುವುದು ಕೈಯಿಂದ ಕೊಟ್ಟ ಪೆಟ್ರೋಲಿಗೆ ಮಾತ್ರ. ಆಫೀಸ್ ಕಾರ್ಡಿನಲ್ಲಿ ಹಾಕಿಸಿದ್ದು ಅದರಲ್ಲಿ ಬರಲ್ಲ."

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಷಡ್ಡಕರು ಎದ್ದು ನಾಯಿಗೆ ಊಟ ಹಾಕಲು ಹೋದರು. ಅವರ ಮನೆಯಲ್ಲಿ ನಾಯಿ ಇಲ್ಲ.

ಎರಡನೇ_ಗೇರು
😂😂 ನಾದಿನಿಗೆ ಈ ಬಳಗದ ಕಡೆಯಿಂದ ಒಂದು ಸೀರೆ!

ಜಯನಗರ_ಜಾಮ್
ಆದರೆ ಯೋಚಿಸಿ, ಅವರ ಜೇಬಿನ ಲೆಕ್ಕದಲ್ಲಿ 30 ಸರಿಯೇ ಅಲ್ವಾ? ನನಗೂ ಅಂಥ ಕಾರ್ಡ್ ಸಿಕ್ಕರೆ ನಾನು ನಾಳೆಯೇ 45 ಅನ್ನುತ್ತೇನೆ.

ಡಿಪೋ_ಸೀನಣ್ಣ
ಡಿಪೋದಲ್ಲಿ ಹೀಗೆ ಲೆಕ್ಕ ಕೊಟ್ಟಿದ್ದರೆ ನನ್ನನ್ನು ಮನೆಗೆ ಕಳಿಸುತ್ತಿದ್ದರು. ಅದೂ ಬಸ್ಸಿಲ್ಲದೆ.

ಮಂಡ್ಯ_ಮೋಟಾರು
ಇನ್ನೊಂದು ಬಂಡಲ್ ಇದೆ. ಸವೆದ ಟೈರು ಇದ್ದರೆ ಮೈಲೇಜ್ ಜಾಸ್ತಿ ಅನ್ನುತ್ತಾರೆ. ನಮ್ಮ ಪಂಚರ್ ಅಂಗಡಿಯವನ ವಾದ.

ಟ್ಯಾಪೆಟ್_ತಿಮ್ಮಣ್ಣ
ಅವನು ಅರ್ಧ ಸರಿ. ಹೊಸ ಟೈರಿನ ಪಟ್ಟಿ ಸುಮಾರು 8 ಮಿ.ಮೀ. ದಪ್ಪ. ಅದು 2ಕ್ಕೆ ಇಳಿದರೆ ಚಕ್ರ ಅಷ್ಟು ಚಿಕ್ಕದಾಯಿತು. ಅದೇ ದೂರಕ್ಕೆ ಜಾಸ್ತಿ ಸುತ್ತು ತಿರುಗುತ್ತದೆ, ಮೀಟರ್ ಶೇ 2ರಷ್ಟು ಜಾಸ್ತಿ ಕಿಲೋಮೀಟರ್ ತೋರಿಸುತ್ತದೆ. ಉರುಳುವ ಪ್ರತಿರೋಧವೂ ಸ್ವಲ್ಪ ಕಡಿಮೆ. ಆದರೆ ಕಾನೂನಿನ ಮಿತಿ 1.6 ಮಿ.ಮೀ. ಮಳೆಯಲ್ಲಿ ಅಂಥ ಟೈರಿನ ಮೇಲೆ ಓಡಿಸಿ ಉಳಿಸಿದ ಪೆಟ್ರೋಲ್ ಆಸ್ಪತ್ರೆಗೆ ಹೋಗಲು ಬೇಕಾಗುತ್ತದೆ. ಕೆಲವರು ದಪ್ಪ, ದೊಡ್ಡ ಟೈರ್ ಹಾಕಿಸಿ "ಮೈಲೇಜ್ ಬಿತ್ತು" ಅಂತ ಅಳುತ್ತಾರಲ್ಲ, ಅವರದು ಉಲ್ಟಾ. ನಿಜವಾಗಿ ಸ್ವಲ್ಪ ಬಿದ್ದಿರುತ್ತದೆ, ಮೀಟರ್ ಕಡಿಮೆ ತೋರಿಸಿ ಇನ್ನಷ್ಟು ಹೆದರಿಸುತ್ತದೆ.

ಮಂಡ್ಯ_ಮೋಟಾರು
ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ನಮ್ಮ ಕಡೆಯವರ ಮೈಲೇಜೂ ಬಿತ್ತು. ನೂರರಲ್ಲೇ ಹೋಗುತ್ತಾರೆ.

ಎರಡನೇ_ಗೇರು
ಬೀಳಲೇಬೇಕು. ಗಾಳಿಯ ತಡೆ ವೇಗದ ವರ್ಗಕ್ಕೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ.

ಕುಡ್ಲ_ಎಕ್ಸ್‌ಪ್ರೆಸ್
ಅದು ಬಿಡಿ, ಎಕ್ಸ್‌ಪ್ರೆಸ್‌ವೇಯಿಂದ ಆದ ದೊಡ್ಡ ನಷ್ಟ ಬಿಡದಿ ತಟ್ಟೆ ಇಡ್ಲಿ. ಮೊದಲು ದಾರಿಯಲ್ಲೇ ಸಿಗುತ್ತಿತ್ತು. ಈಗ ಅದಕ್ಕೋಸ್ಕರ ಸರ್ವಿಸ್ ರೋಡಿಗೆ ಇಳಿಯಬೇಕು. ಮದ್ದೂರು ವಡೆಯದೂ ಅದೇ ಕಥೆ.

ಜಯನಗರ_ಜಾಮ್
ತಟ್ಟೆ ಇಡ್ಲಿಗೆ ಎಕ್ಸ್‌ಪ್ರೆಸ್‌ವೇಯಿಂದ ಇಳಿಯದವನು ಮೈಸೂರಿಗೆ ಯಾಕೆ ಹೋಗುತ್ತಾನೆ?

ಕಾಫಿತೋಟ_ಜೀಪು
ಇಡ್ಲಿ ಎಲ್ಲ ಬಯಲುಸೀಮೆಯವರಿಗೆ. ಚಾರ್ಮಾಡಿ ಇಳಿಯುವ ಮುಂಚೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಿ. ಆಮೇಲೆ ಮಾತಾಡಿ.

ಕುಡ್ಲ_ಎಕ್ಸ್‌ಪ್ರೆಸ್
ನೀರುದೋಸೆ ನಮ್ಮದು ಮಾರಾಯ್ರೆ! ಘಾಟಿ ಹತ್ತಿಸಿಕೊಂಡು ಹೋಗಿ ನಿಮ್ಮದು ಅಂತ ಹೇಳಿದರೆ ಆಯಿತಾ?

ಕಾಫಿತೋಟ_ಜೀಪು
ಘಾಟಿ ಹತ್ತಿದ ಮೇಲೆ ರುಚಿ ಬಂತು.

ಹುಬ್ಳಿ_ಹ್ಯಾಚ್‌ಬ್ಯಾಕ್
ಏರ್ ಫಿಲ್ಟರ್ ಸಿಕ್ಕಿತು. ಒಳಗೆ ಒಣ ಎಲೆ, ಇಲಿ ತಂದಿಟ್ಟ ಶೇಂಗಾ ಸಿಪ್ಪೆ. ಮೆಕ್ಯಾನಿಕ್ ಫೋಟೋ ತೆಗೆದುಕೊಂಡು ಅವರ ವಾಟ್ಸಾಪ್ ಗುಂಪಿಗೆ ಹಾಕಿದ.

ಟ್ಯಾಪೆಟ್_ತಿಮ್ಮಣ್ಣ
ಇಲಿ ಇದ್ದರೆ ವೈರಿಂಗೂ ನೋಡಿಸಿ. ಅದಕ್ಕೂ ಇ20 ಕಾರಣ ಅನ್ನಬೇಡಿ.

ಬಳ್ಳಾರಿ_ಬಿಸಿಲು
ಈ ಭಾನುವಾರ ಚಾರ್ಮಾಡಿ ಕಡೆ ಬರುವ ಯೋಚನೆ ಇದೆ. ಬೆಳಿಗ್ಗೆ ಬೇಗ ಬಂದರೆ ಕೊಟ್ಟಿಗೆಹಾರದಲ್ಲಿ ದೋಸೆ ಸಿಗುತ್ತದಾ?

ಕಾಫಿತೋಟ_ಜೀಪು
ದೋಸೆ ಸಿಗುತ್ತದೆ, ರಸ್ತೆ ಸಿಗುವುದಿಲ್ಲ. ಈಗ ಬೆಳಿಗ್ಗೆ ಪೂರ್ತಿ ಮಂಜು. ಫಾಗ್ ಲ್ಯಾಂಪ್ ಇದೆಯಾ ನಿಮ್ಮದಕ್ಕೆ? ಹೈ ಬೀಮ್ ಹಾಕಬೇಡಿ, ಬೆಳಕೆಲ್ಲ ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ.

ಬಳ್ಳಾರಿ_ಬಿಸಿಲು
ಬಳ್ಳಾರಿಯವನ ಹತ್ತಿರ ಫಾಗ್ ಲ್ಯಾಂಪ್ ಕೇಳುತ್ತೀರಾ? ನಮ್ಮಲ್ಲಿ ಫ್ರಿಜ್ ಬಾಗಿಲು ತೆಗೆದಾಗ ಮಾತ್ರ ಮಂಜು ಬರುವುದು. ಯಾವುದು ಹಾಕಿಸಲಿ, ಹಳದಿಯೋ ಬಿಳಿಯೋ?

ಹಳೇ_ಹ್ಯಾಂಡಲ್
ಹಳದಿ. ಕಣ್ಣು ಮುಚ್ಚಿಕೊಂಡು ಹಾಕಿಸಿ.

ಎರಡನೇ_ಗೇರು
ಬಣ್ಣಕ್ಕಿಂತ ಎತ್ತರ ಮುಖ್ಯ. ಆದಷ್ಟು ಕೆಳಗೆ ಕೂರಿಸಿ, ಬೆಳಕು ನೆಲದ ಮೇಲೆ ಅಗಲಕ್ಕೆ ಬೀಳಬೇಕು.

ಕುಡ್ಲ_ಎಕ್ಸ್‌ಪ್ರೆಸ್
ಬಿಳಿಯೇ ಸಾಕು. ಹಳದಿ ಎಲ್ಲ ಸ್ಟೈಲಿಗೆ.

ಕಾಫಿತೋಟ_ಜೀಪು
ಘಾಟಿ ಕೆಳಗಿನವರು ಮಂಜಿನ ಬಗ್ಗೆ ಮಾತಾಡಬಾರದು.

ನಿರ್ವಾಹಕ
ಫಾಗ್ ಲ್ಯಾಂಪ್ ಜಗಳಕ್ಕೆ ಈಗಾಗಲೇ ಒಂದು ಎಳೆ ಇದೆ, ಅಲ್ಲಿ ಹೋಗಿ. ಹೋಗುವವರು ಅದರ ಮೊದಲ ಪುಟ ಓದಿಕೊಂಡು ಹೋಗಿ. ಇದೇ ನಾಲ್ಕು ಜನ ಅಲ್ಲೂ ಇದ್ದೀರಿ.